ಯೆಸ್ಪರ್ ಗ್ರೋನ್‌ಕೇರ್: ಆ ಒಂದು ಗೋಲ್ ಬಿಟ್ಟರೆ ಏನೇನು ನೋಡಬೇಕು?

ಬಲಬದಿ_7 ಕೇಳಿದ್ದು:

ಡೆನ್ಮಾರ್ಕ್‌ನ ಫುಟ್‌ಬಾಲ್ ವಿಂಗರ್ (ಮೈದಾನದ ಅಂಚಿನಲ್ಲಿ ಆಡುವ ದಾಳಿಗಾರ) ಯೆಸ್ಪರ್ ಗ್ರೋನ್‌ಕೇರ್ ಹೆಸರೆತ್ತಿದರೆ ಎಲ್ಲರೂ 2003ರಲ್ಲಿ ಲಿವರ್‌ಪೂಲ್ ವಿರುದ್ಧ ಇಂಗ್ಲೆಂಡಿನ ಚೆಲ್ಸಿ ಕ್ಲಬ್‌ಗಾಗಿ ಹೊಡೆದ ಗೋಲನ್ನೇ ಹೇಳುತ್ತಾರೆ. ಆದರೆ ಈತ ದೇಶಕ್ಕಾಗಿ 80 ಪಂದ್ಯ ಆಡಿದವನು, ಗೋಲ್ ಮಾತ್ರ ಐದೇ. 2004ರಿಂದ 2006ರೊಳಗೆ ಬರ್ಮಿಂಗ್‌ಹ್ಯಾಮ್, ಅಟ್ಲೆಟಿಕೊ ಮ್ಯಾಡ್ರಿಡ್, ಸ್ಟುಟ್‌ಗಾರ್ಟ್ ಅಂತ ಮೂರು ದೇಶಗಳ ಮೂರು ಕ್ಲಬ್ ಸುತ್ತಿದ. ಅಷ್ಟು ವೇಗ ಇದ್ದವನು ಎಲ್ಲೂ ಯಾಕೆ ನೆಲೆ ನಿಲ್ಲಲಿಲ್ಲ? ನಮ್ಮ ಜೂನಿಯರ್ ತಂಡದ ವಿಂಗರ್‌ಗಳಿಗೆ ತೋರಿಸುವುದಾದರೆ ಈತನ ಯಾವ ಪಂದ್ಯಗಳು ಒಳ್ಳೆಯವು? ಅಂಕಿ-ಅಂಶಕ್ಕಿಂತ ಆಟದ ಒಳಗಿನ ಕಾರಣ ಬಲ್ಲವರು ಹೇಳಿದರೆ ಉಪಕಾರ.

ಅಂಚುಗೆರೆ:

ಕಾರಣ ಬಹುಮಟ್ಟಿಗೆ ತಂಡ ನಿಲ್ಲುವ ರೀತಿಯಲ್ಲೇ ಇದೆ. ಹುಟ್ಟಿದ್ದು 1977ರಲ್ಲಿ, ಗ್ರೀನ್‌ಲ್ಯಾಂಡ್‌ನ ನೂಕ್‌ನಲ್ಲಿ. ಬೆಳೆದದ್ದು ಡೆನ್ಮಾರ್ಕ್‌ನ ಟಿಸ್ಟೆಡ್‌ನಲ್ಲಿ. ಆಲ್ಬೋರ್ಗ್ ಕ್ಲಬ್‌ನಲ್ಲಿ ಹೆಸರು ಮಾಡಿ 1998ರಲ್ಲಿ ನೆದರ್ಲೆಂಡ್ಸ್‌ನ ಅಯಾಕ್ಸ್ ಸೇರಿದ. ಆಗ ಅಲ್ಲಿ ಕೋಚ್ ಆಗಿದ್ದವರು ಮಾರ್ಟೆನ್ ಓಲ್ಸೆನ್, ಮುಂದೆ ಡೆನ್ಮಾರ್ಕ್ ತಂಡವನ್ನು ಹದಿನೈದು ವರ್ಷ ನಡೆಸಿದವರು. ಅಯಾಕ್ಸ್‌ನ 4-3-3ರಲ್ಲಿ (ನಾಲ್ವರು ಹಿಂದೆ, ಮೂವರು ನಡುವೆ, ಮೂವರು ಮುಂದೆ) ವಿಂಗರ್‌ನ ಕೆಲಸ ಸ್ಪಷ್ಟ: ಟಚ್‌ಲೈನ್‌ಗೆ (ಪಕ್ಕದ ಗೆರೆಗೆ) ಅಂಟಿಕೊಂಡು ನಿಲ್ಲು, ಚೆಂಡು ಬಂದಾಗ ಎದುರಿಗಿರುವ ಒಬ್ಬ ಫುಲ್‌ಬ್ಯಾಕ್‌ನನ್ನು (ಅಂಚು ಕಾಯುವ ಡಿಫೆಂಡರ್‌ನನ್ನು) ದಾಟು. ಹಿಂದೆ ಆಸರೆಗೆ ಮಿಡ್‌ಫೀಲ್ಡರ್ ಇರುತ್ತಾನೆ, ಚೆಂಡು ಕಳೆದುಕೊಂಡರೂ ಆಕಾಶ ಬೀಳುವುದಿಲ್ಲ. 1999ರ ಡಚ್ ಕಪ್ ಫೈನಲ್‌ನಲ್ಲಿ ಫಾರ್ಚುನಾ ಸಿಟ್ಟಾರ್ಡ್ ವಿರುದ್ಧ ಅಯಾಕ್ಸ್ 2-0ಯಿಂದ ಗೆದ್ದಾಗ ಎರಡೂ ಗೋಲ್ ಈತನದೇ.

2000ದ ಕೊನೆಗೆ ಚೆಲ್ಸಿ 78 ಲಕ್ಷ ಪೌಂಡ್ ಕೊಟ್ಟು ಕರೆದೊಯ್ದಿತು. ಅಲ್ಲಿ ಕೋಚ್ ರನಿಯೇರಿ ಹೆಚ್ಚಾಗಿ ಆಡಿಸಿದ್ದು 4-4-2. ಹೆಸರಿಗೆ ವಿಂಗರ್, ಕೆಲಸ ಸೈಡ್ ಮಿಡ್‌ಫೀಲ್ಡರ್‌ದು. ಎದುರಾಳಿಯ ಫುಲ್‌ಬ್ಯಾಕ್ ಮೇಲೇರಿದರೆ ಅವನ ಹಿಂದೆಯೇ ತನ್ನ ಪೆನಾಲ್ಟಿ ಬಾಕ್ಸ್‌ವರೆಗೆ ಓಡಿಬರಬೇಕು. ಮತ್ತೆ ಚೆಂಡು ಸಿಕ್ಕಾಗ ಓಟ ಶುರುವಾಗುವುದು ತನ್ನ ಅರ್ಧದಿಂದ, ಕ್ರಾಸ್ (ಅಂಚಿನಿಂದ ಗೋಲಿನ ಮುಂದಕ್ಕೆ ಹೊಡೆಯುವ ಪಾಸ್) ಕೊಡುವ ಜಾಗಕ್ಕೆ ಮುಟ್ಟುವಾಗ ಕಾಲಲ್ಲಿ ಕಸುವೇ ಉಳಿದಿರುವುದಿಲ್ಲ. ಅವನ ಕ್ರಾಸ್ ಕೆಟ್ಟದ್ದು ಅಂತ ಬೈಯುವವರು ಈ ದೂರವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

2003ರಲ್ಲಿ ಕ್ಲಬ್ ಕೊಂಡ ರಷ್ಯನ್ ಸಿರಿವಂತ ಅಬ್ರಮೊವಿಚ್ ಹಣ ಬಂತು, ಡೇಮಿಯನ್ ಡಫ್ ಮತ್ತು ಜೋ ಕೋಲ್ ಬಂದರು, ಮರುವರ್ಷ ರಾಬೆನ್. ಜಾಗ ಮುಗಿಯಿತು. 2004ರ ಯೂರೋಗೆ (ಯುರೋಪಿನ ದೇಶಗಳ ಟೂರ್ನಿ) ಸ್ವಲ್ಪ ಮೊದಲು ತಾಯಿ ತೀರಿಕೊಂಡರು. ಇಟಲಿ ವಿರುದ್ಧದ ಮೊದಲ ಪಂದ್ಯಕ್ಕೆ ಆತ ಇರಲಿಲ್ಲ. ನಂತರ ಬಂದು ಬಲ್ಗೇರಿಯಾ ವಿರುದ್ಧ ಇಂಜುರಿ ಟೈಮ್‌ನಲ್ಲಿ ಗೋಲ್ ಹೊಡೆದ. ಅದೇ ಬೇಸಿಗೆಯಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಹೋದ ಆಟಗಾರ ಯಾವ ಮನಃಸ್ಥಿತಿಯಲ್ಲಿದ್ದ ಎಂದು ಯಾರಾದರೂ ಊಹಿಸಬಹುದು. ಬರ್ಮಿಂಗ್‌ಹ್ಯಾಮ್‌ನಲ್ಲಿ ಅರ್ಧ ಸೀಸನ್, ಮ್ಯಾಡ್ರಿಡ್‌ನಲ್ಲಿ ಇನ್ನರ್ಧ. ಫುಲ್‌ಬ್ಯಾಕ್ ಜೊತೆ ಹೊಂದಾಣಿಕೆ ಕುದುರುವುದಕ್ಕೇ ಅಷ್ಟು ಸಮಯ ಬೇಕು. ಸ್ಟುಟ್‌ಗಾರ್ಟ್‌ನಲ್ಲಿ ಕೋಚ್ ತ್ರಪತ್ತೋನಿ, ರಕ್ಷಣೆಯೇ ಮೊದಲು ಎನ್ನುವವರು. ಗ್ರೋನ್‌ಕೇರ್ ಮತ್ತು ಅದೇ ತಂಡದಲ್ಲಿದ್ದ ಡೆನ್ಮಾರ್ಕ್‌ನ ಸ್ಟ್ರೈಕರ್ ತೊಮಸ್ಸೊನ್ ಇಬ್ಬರೂ ತಂಡ ದಾಳಿ ಮಾಡುವುದಕ್ಕೇ ಹೆದರುತ್ತದೆ ಎಂದು ಬಹಿರಂಗವಾಗಿ ಟೀಕಿಸಿದರು, ಇಬ್ಬರೂ ಬೆಂಚ್ ಸೇರಿದರು.

ಮೂಲೆಬಾವುಟ:

ಲಿವರ್‌ಪೂಲ್ ಪಂದ್ಯವನ್ನು ಪೂರ್ತಿ ನೋಡಿ, ಬರೀ ಗೋಲಿನ ತುಣುಕಲ್ಲ. 2003ರ ಮೇ 11, ಸ್ಟ್ಯಾಮ್‌ಫರ್ಡ್ ಬ್ರಿಜ್, ಲೀಗಿನ ಕೊನೆಯ ದಿನ. ಎರಡೂ ತಂಡಗಳದ್ದು ಸಮ ಅಂಕ. ಗೋಲ್ ವ್ಯತ್ಯಾಸದಲ್ಲಿ ಚೆಲ್ಸಿ ಮುಂದಿತ್ತು, ಹಾಗಾಗಿ ಅವರಿಗೆ ಡ್ರಾ ಸಾಕು. ನಾಲ್ಕನೇ ಸ್ಥಾನ ಸಿಕ್ಕವರಿಗೆ ಚಾಂಪಿಯನ್ಸ್ ಲೀಗ್. ಚೆಲ್ಸಿ ಮೇಲೆ ಆಗ ಸುಮಾರು 8 ಕೋಟಿ ಪೌಂಡ್ ಸಾಲ.

ಹೂಪಿಯ ಹೆಡರ್ ಗೋಲಿನಿಂದ ಲಿವರ್‌ಪೂಲ್ ಮುಂದಾಯಿತು. ಕೆಲವೇ ನಿಮಿಷದಲ್ಲಿ ಚೆಲ್ಸಿಯ ಡೆಸೈಯಿ ಹೆಡರ್‌ನಿಂದ ಸಮ ಮಾಡಿದ. ಆ ಕ್ರಾಸ್ ಕೊಟ್ಟವನು ಗ್ರೋನ್‌ಕೇರ್! ಇದನ್ನು ಯಾರೂ ನೆನೆಯುವುದಿಲ್ಲ, ನನಗೆ ಅದೇ ಬೇಸರ. ಅರ್ಧಗಂಟೆ ತುಂಬುವ ಮೊದಲೇ ಬಲಬದಿಯಿಂದ ಒಳನುಗ್ಗಿ, ಲಿವರ್‌ಪೂಲ್‌ನ ಫುಲ್‌ಬ್ಯಾಕ್ ರೀಸೆಯನ್ನು ದಾಟಿ, ಎಡಗಾಲಲ್ಲಿ ದೂರದ ಮೂಲೆಗೆ ತಳ್ಳಿದ ಚೆಂಡು ಗೋಲ್‌ಕೀಪರ್ ಡುಡೆಕ್‌ಗೆ ಸಿಗಲಿಲ್ಲ. 2-1. ಜುಲೈ ಆರಂಭದಲ್ಲಿ ಅಬ್ರಮೊವಿಚ್ ಕ್ಲಬ್ ಕೊಂಡರು, ಅದಕ್ಕೇ ಪತ್ರಿಕೆಗಳು ಇದನ್ನು ನೂರು ಕೋಟಿ ಪೌಂಡಿನ ಗೋಲ್ ಎಂದದ್ದು. ಡ್ರಾ ಆಗಿದ್ದರೂ ಚೆಲ್ಸಿಗೆ ನಾಲ್ಕನೇ ಸ್ಥಾನ ಸಿಗುತ್ತಿತ್ತು ಎಂಬುದನ್ನು ಮರೆಯಬೇಡಿ. ಹಾಗಾಗಿ ಬೆಲೆ ಕಟ್ಟುವುದಿದ್ದರೆ ನಾನು ಮೊದಲ ಕ್ರಾಸಿಗೇ ಕಟ್ಟುತ್ತೇನೆ.

ಕಲಿಯಲು ಮುಖ್ಯವಾದದ್ದು ಒಳನುಗ್ಗುವ ಗಳಿಗೆ. ಬಲಗಾಲಿನ ವಿಂಗರ್ ಬಲಬದಿಯಲ್ಲಿದ್ದಾಗ ಫುಲ್‌ಬ್ಯಾಕ್ ಹೊರದಾರಿಯನ್ನೇ ಕಾಯುತ್ತಾನೆ. ಅವನ ಸೊಂಟ ಟಚ್‌ಲೈನ್ ಕಡೆ ತಿರುಗಿದ ಮೇಲೆಯೇ ಚೆಂಡನ್ನು ಒಳಕ್ಕೆ ಎಳೆಯಬೇಕು. ಅವನು ನೇರವಾಗಿ ಎದುರು ನಿಂತಿರುವಾಗ ಎಳೆದರೆ ಒಳಗಾಲಿಗೇ ಚೆಂಡು ಒಪ್ಪಿಸಿದ ಹಾಗೆ.

ಬಲಬದಿ_7:

ಇಬ್ಬರಿಗೂ ಧನ್ಯವಾದ. ಡೆಸೈಯಿ ಗೋಲಿನ ಕ್ರಾಸ್ ವಿಷಯ ಗೊತ್ತೇ ಇರಲಿಲ್ಲ. ಆದರೂ ಕೊನೆಯ ಪಾಸ್ ಕೈಕೊಡುತ್ತಿತ್ತು ಎಂಬ ದೂರು ಇದ್ದೇ ಇದೆಯಲ್ಲ? ಮತ್ತೆ, ದೇಶಕ್ಕಾಗಿ ಆಡಿದ ಮೊದಲ ಪಂದ್ಯದಲ್ಲೇ ಇಟಲಿ ವಿರುದ್ಧ ಕೊಟ್ಟ ಆ ತಪ್ಪು ಬ್ಯಾಕ್‌ಪಾಸ್?

ತರಬೇತಿ_ಚೀಲ:

ಬ್ಯಾಕ್‌ಪಾಸ್ ಮೊದಲು. 1999ರ ಮಾರ್ಚ್ 27, ಕೋಪನ್‌ಹೇಗನ್, ಯೂರೋ ಅರ್ಹತಾ ಪಂದ್ಯ. ಪಂದ್ಯ ಶುರುವಾಗಿ ನಿಮಿಷವಾಗುವ ಮೊದಲೇ ಹಿಂದಕ್ಕೆ ಕೊಟ್ಟ ಪಾಸ್ ಇಟಲಿಯ ಸ್ಟ್ರೈಕರ್ ಇನ್ಝಾಗಿಗೆ ಸಿಕ್ಕಿ ಗೋಲ್ ಆಯಿತು. ಇಟಲಿ 2-1ರಿಂದ ಗೆದ್ದಿತು. ಮಕ್ಕಳಿಗೆ ಇಲ್ಲಿ ಒಂದು ನಿಯಮ ಹೇಳಲೇಬೇಕು: ಎದುರಾಳಿಯೇ ಬೇಕೆಂದು ಆಡಿದ ಚೆಂಡು ಸಿಕ್ಕರೆ ಸ್ಟ್ರೈಕರ್‌ಗೆ ಆಫ್‌ಸೈಡ್ ಇಲ್ಲ. ನಮ್ಮ ಡಿಫೆಂಡರ್‌ಗಳ ಹಿಂದೆ ಆರಾಮವಾಗಿ ನಿಂತಿರುವವನು ನಮ್ಮ ತಪ್ಪು ಪಾಸಿಗೆ ಸಂಪೂರ್ಣ ಅರ್ಹ. ಆದ್ದರಿಂದ ಹಿಂದಕ್ಕೆ ಕೊಡುವ ಮೊದಲು ಭುಜದ ಮೇಲಿಂದ ಒಮ್ಮೆ ನೋಡಬೇಕು, ಪಾಸ್ ಗೋಲ್‌ಕಂಬಗಳ ನೇರಕ್ಕೆ ಹೋಗದೆ ಹೊರಗೆ ಸಾಗಬೇಕು.

ಕ್ರಾಸ್ ಹಾಳಾಗುವುದು ಪೂರ್ಣ ವೇಗದಲ್ಲಿ, ಅದೂ ಕೊನೆಯ ಟಚ್‌ನಲ್ಲಿ. ಓಟದಲ್ಲಿ ಚೆಂಡನ್ನು ಎರಡು ಮೀಟರ್ ಮುಂದೆ ತಳ್ಳುವುದು ಸರಿ, ಆದರೆ ಕ್ರಾಸಿಗೆ ಮುಂಚಿನ ಟಚ್ ಅರ್ಧ ಮೀಟರ್ ದಾಟಬಾರದು. ದಾಟಿದರೆ ಚೆಂಡಿನ ಹಿಂದೆ ಚಾಚಿ ಒದೆಯಬೇಕಾಗುತ್ತದೆ, ಮೈ ಹಿಂದಕ್ಕೆ ವಾಲುತ್ತದೆ, ಚೆಂಡು ಎಲ್ಲರ ತಲೆ ಮೇಲೆ ಹಾದು ಆಚೆ ಬದಿಗೆ ಹೋಗುತ್ತದೆ. ತಲೆ ಎತ್ತಿ ನೋಡುವುದು ಆ ಚಿಕ್ಕ ಟಚ್‌ಗೆ ಮೊದಲು. ನಂತರ ನೋಡಿದರೆ ಊರುಗಾಲು (ಒದೆಯುವಾಗ ನೆಲಕ್ಕೂರುವ ಕಾಲು) ತಪ್ಪಿದ ಜಾಗದಲ್ಲಿ ಬೀಳುತ್ತದೆ.

ಅಭ್ಯಾಸ ಹೀಗೆ ಮಾಡಿಸಿ. ಗೋಲ್‌ಲೈನ್‌ನಿಂದ 20 ಮೀಟರ್, ಟಚ್‌ಲೈನ್‌ನಿಂದ 5 ಮೀಟರ್ ಒಳಗೆ ಒಂದು ಕೋನ್, ಅದೇ ಫುಲ್‌ಬ್ಯಾಕ್. ನಿಯರ್ ಪೋಸ್ಟ್ (ಹತ್ತಿರದ ಗೋಲ್‌ಕಂಬ) ಎದುರು ಆರು ಗಜದ ಗೆರೆಯ ಬಳಿ 4 ಮೀಟರ್ ಚೌಕ ಗುರುತು ಮಾಡಿ. ಹತ್ತು ಕ್ರಾಸ್ ನಿಧಾನದ ಓಟದಲ್ಲಿ. ಆರು ಚೌಕಕ್ಕೆ ಬಿದ್ದರೆ ಮುಕ್ಕಾಲು ವೇಗ. ಅಲ್ಲೂ ಆರು ಬಂದರೆ ಪೂರ್ಣ ವೇಗ. ಸುತ್ತಿನ ನಡುವೆ ಎರಡು ನಿಮಿಷ ಬಿಡುವು ಕೊಡಿ. ಆಮೇಲೆ ಒಂದು ಸುತ್ತನ್ನು 50 ಮೀಟರ್ ಓಡಿಬಂದು ಮಾಡಿಸಿ, ಅಂಚುಗೆರೆಯವರು ಹೇಳಿದ ದಣಿವು ಹುಡುಗರಿಗೆ ಕಾಲಲ್ಲೇ ಗೊತ್ತಾಗುತ್ತದೆ.

ಅಂಚುಗೆರೆ:

ಚಂದ ಹೇಳಿದಿರಿ ಸರ್. ದೇಶದ ತಂಡದ ಬಗ್ಗೆ ಒಂದು ಮಾತು: ಓಲ್ಸೆನ್ ಸಾಮಾನ್ಯವಾಗಿ ಬಲಕ್ಕೆ ರೊಮೆಡಾಲ್, ಎಡಕ್ಕೆ ಗ್ರೋನ್‌ಕೇರ್ ಅಥವಾ ಮಾರ್ಟಿನ್ ಯೋರ್ಗೆನ್ಸೆನ್ ಇಡುತ್ತಿದ್ದರು. 126 ಪಂದ್ಯಗಳಲ್ಲಿ 21 ಗೋಲ್ ಹೊಡೆದ ರೊಮೆಡಾಲ್ ಓಡುತ್ತಿದ್ದದ್ದು ರಕ್ಷಣೆಯ ಬೆನ್ನಿಗೆ. ಗ್ರೋನ್‌ಕೇರ್‌ಗೆ ಚೆಂಡು ಕಾಲಿಗೇ ಬೇಕು. ಐದೇ ಗೋಲ್ ಎಂಬ ಲೆಕ್ಕಕ್ಕೆ ಇದೂ ಕಾರಣ. 2002ರ ವಿಶ್ವಕಪ್‌ನಲ್ಲಿ ಫ್ರಾನ್ಸನ್ನು 2-0ಯಿಂದ ಮನೆಗೆ ಕಳಿಸಿದ ಪಂದ್ಯ ನೋಡಿ. ತೊಮಸ್ಸೊನ್ ಹೊಡೆದ, ಪಂದ್ಯದ ಎರಡನೇ ಗೋಲಿಗೆ ಎಡದಿಂದ ಬಂದ ಕ್ರಾಸ್ ಈತನದು.

ಪಾರ್ಕೆನ್_ಗ್ಯಾಲರಿ:

ಕೋಪನ್‌ಹೇಗನ್ ವರ್ಷಗಳನ್ನು ಬಿಟ್ಟರೆ ಈ ಚರ್ಚೆ ಅರ್ಧವೇ. 2006ರಲ್ಲಿ ಎಫ್‌ಸಿ ಕೋಪನ್‌ಹೇಗನ್ ಸೇರಿದ, 2011ರಲ್ಲಿ ಆಟ ನಿಲ್ಲಿಸುವವರೆಗೆ ಅಲ್ಲೇ ಇದ್ದ. ನಾಲ್ಕು ಲೀಗ್ ಪ್ರಶಸ್ತಿ. ಅಲ್ಲಿನ ಕೋಚ್ ಸೋಲ್‌ಬಾಕ್ಕೆನ್ ಅವರದೂ 4-4-2ವೇ! ಹಾಗಾದರೆ ಚೆಲ್ಸಿಯಲ್ಲಿ ಆಗದ್ದು ಇಲ್ಲಿ ಹೇಗಾಯಿತು? ಸಾಲುಗಳ ನಡುವಿನ ಅಂತರ ಕಿರಿದು, ಹಾಗಾಗಿ ಒಬ್ಬನೇ ಇಡೀ ಬದಿ ಓಡಬೇಕಿರಲಿಲ್ಲ. ಎಡಬದಿಯಲ್ಲಿ ಆಡುತ್ತಿದ್ದುದರಿಂದ ಒಳಕ್ಕೆ ಬಂದರೆ ಚೆಂಡು ಬಲಗಾಲಿಗೇ ಸಿಗುತ್ತಿತ್ತು, ಹೊರಗಡೆ ಓಡಲು ಲೆಫ್ಟ್‌ಬ್ಯಾಕ್ ವೆಂಡ್ಟ್ ಇರುತ್ತಿದ್ದ. ವಯಸ್ಸಾದಂತೆ ವೇಗ ಇಳಿದರೂ ನಿರ್ಧಾರ ಚುರುಕಾಯಿತು.

2006ರ ಡಿಸೆಂಬರ್‌ನಲ್ಲಿ ಸೆಲ್ಟಿಕ್ ವಿರುದ್ಧ 3-1ರ ಗೆಲುವಿನಲ್ಲಿ ಒಂದು ಗೋಲ್ ಈತನದು. 2010-11ರಲ್ಲಿ ಬಾರ್ಸಿಲೋನಾ ಜೊತೆ 1-1 ಡ್ರಾ ಮಾಡಿಕೊಂಡ ತಂಡ ಗುಂಪಿನಲ್ಲಿ ಎರಡನೇ ಸ್ಥಾನ ಪಡೆದು ಚಾಂಪಿಯನ್ಸ್ ಲೀಗ್‌ನ ಹದಿನಾರರ ಹಂತ ಮುಟ್ಟಿತು. ಡೆನ್ಮಾರ್ಕ್‌ನ ಯಾವ ಕ್ಲಬ್ಬೂ ಅದಕ್ಕೆ ಮೊದಲು ಅಲ್ಲಿಗೆ ಹೋಗಿರಲಿಲ್ಲ. ಅಲ್ಲಿ ಎದುರಾದದ್ದು ಚೆಲ್ಸಿ: ಮನೆಯಲ್ಲಿ 0-2, ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ 0-0.

ಹುಡುಗರಿಗೆ ತೋರಿಸುವುದಾದರೆ ಮೊದಲು ಬಾರ್ಸಿಲೋನಾ ಪಂದ್ಯ ಹಾಕಿ, ಚೆಂಡು ಇಲ್ಲದಾಗ ಆತ ಎಲ್ಲಿ ನಿಂತಿದ್ದಾನೆ ಎಂಬುದನ್ನಷ್ಟೇ ನೋಡಲು ಹೇಳಿ. ಲಿವರ್‌ಪೂಲ್ ಪಂದ್ಯ ಆಮೇಲೆ.