ಆ ಔಷಧ ಬಂದ್ ಮಾಡಬ್ಯಾಡ ತಂಗೀ

ತಂಗೀ, ನಾ ದೊಡ್ಡವ್ವ ಮಾತಾಡ್ಲಾಕತ್ತೀನಿ. ನನಗ ಟೈಪ್ ಮಾಡ್ಲಾಕ ಆಗಲ್ಲ, ಅದಕ್ಕ ಮಾತಾಡೇ ಹಾಕ್ತೀನಿ. ಉದ್ದ ಆಗ್ತದ, ಖರೇ, ಆದ್ರೂ ನಡುವ ಬಿಡದೆ ಪೂರ್ತಿ ಕೇಳ್ರಿ ಎಲ್ಲಾರೂ.

ಮುಂಜಾನಿ ನೀ ಬರದಿದ್ದು ನನ್ನ ಸೊಸಿ ಓದಿ ಹೇಳಿದ್ಲು. ಸಣ್ಣಂವಗ ಮೆದುಳು ಜ್ವರ ಆಗಿ 21 ದಿವಸ ನರಕ್ಕ ಔಷಧ ಏರಿಸಿ ಮನಿಗಿ ಕಳಿಸ್ಯಾರ, ಮನಿಗಿ ಬಂದು ಐದು ವಾರ ಆಯ್ತು, ಓಡ್ಯಾಡ್ತಾನ, ಉಣ್ತಾನ, ಆದ್ರ ಮೊದಲಿನ ಪೋರ ಅಲ್ಲ ಅಂತಿ. ಸಿಟ್ಟು ಬಾಳ, ತಂಗಿಗಿ ಕಚ್ಚತಾನ, ನೀರು ಅಂತ ಅನ್ಲಾಕ ಬರದೆ ಕೊಡ ತೋರಸ್ತಾನ, ರಾತ್ರಿ ಹಾಸಿಗ್ಯಾಗೇ ಮಾಡ್ಕೋತಾನ. ಫಿಟ್ಸಿನ ಔಷಧ ಕುಡದ್ರ ಮಧ್ಯಾಹ್ನದ ತನಾ ತೂಕಡಸ್ತಾನ. ತಿಂಗಳಾಯ್ತು ಫಿಟ್ಸ್ ಬಂದಿಲ್ಲ, ಆ ಔಷಧ ಬಂದ್ ಮಾಡಿ ಬೀದರ ಕಡಿ ಕೊಡೋ ಪುಡಿ ಶುರು ಮಾಡ್ಲೇನು ದೊಡ್ಡವ್ವ, ಅಂತ ಕೇಳಿದಿ. ಅದರ ಕೆಳಗ ಸೇಡಂ ಅಕ್ಕ 'ಮಾಡು, ಅಷ್ಟು ಸಣ್ಣ ಕೂಸಿಗಿ ಇಷ್ಟು ಔಷಧ ಯಾಕ' ಅಂತ ಹಾಕ್ಯಾಳ.

ಬಂದ್ ಮಾಡಬ್ಯಾಡ. ಕೈ ಮುಗದು ಹೇಳ್ತೀನಿ ತಂಗೀ, ನಿನ್ನ ಕೈಯಾರ ಆ ಔಷಧ ಬಂದ್ ಮಾಡಬ್ಯಾಡ.

ನನ್ನ ಮಗ, ನಿಮ್ಮ ದೊಡ್ಡಣ್ಣಗ ಆಗಿದ್ದು ನಿಮಗೆಲ್ಲಾ ಗೊತ್ತದ, ಆದ್ರ ಹ್ಯಾಂಗ ಆಯ್ತು ಅನ್ನೋದು ನಿಮ್ಮೊಳಗ ಯಾರಿಗೂ ಪೂರ್ತಿ ಗೊತ್ತಿಲ್ಲ. ನಾನೂ ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ. ಅದು 1996. ನಾವು ಆಗ ಜೇವರ್ಗಿ ಆಚಿ ಹಳ್ಳ್ಯಾಗೇ ಇದ್ದೇವು. ಅವಗ ಐದು ವರ್ಷ. ಎರಡು ದಿವಸ ಉರಿ, ಆಮ್ಯಾಲ ವಾಂತಿ, ಮೂರನೇ ದಿವಸ ನನ್ನ ಮಾರಿ ನೋಡಿದ್ರೂ ಗುರ್ತ ಹಿಡೀಲಿಲ್ಲ. ಕಣ್ಣು ಮ್ಯಾಲಕ್ಕ ಹೋಗಿ ಕೈಕಾಲು ಸೆಟದು ಬಿಟ್ಟವು. ಗುಲಬರ್ಗಾಕ್ಕ ತಂದೆವು. ಬೆನ್ನಾಗಿಂದ ನೀರು ತಗದ್ರು. ಅದನ್ನ ತಗದ್ರ ಕಾಲು ಹೋಗ್ತಾವ ಅಂತ ನಮ್ಮತ್ತಿ ಅತ್ಲು, ಕಾಲಿಗೇನೂ ಆಗ್ಲಿಲ್ಲ. ಯಾವ ವೈರಸ್ ಅಂತ ಕಡಿತನಾ ಗೊತ್ತಾಗ್ಲಿಲ್ಲ. ಬಾಳ ಮಕ್ಕಳಿಗಿ ಗೊತ್ತೇ ಆಗಲ್ಲ ಅಂತ ಡಾಕ್ಟರ್ ಹೇಳಿದ್ರು. ಮನಿಗಿ ಬಂದಾಗ ಕುಂದರ್ಲಾಕ ಬರ್ತಿರಲಿಲ್ಲ, ಕುತಗಿ ಕೂಸಿನಂಗ ವಾಲ್ತಿತ್ತು. ಮಾತು ಒಂದೂ ಇಲ್ಲ.

ದಿನಾ ರಾತ್ರಿ ಗಾರ್ಡಿನಾಲ್ ಗುಳಿಗಿ ಕೊಡ್ಲಾಕ ಹೇಳಿದ್ರು, ಅದು ಫಿಟ್ಸಿಂದು. ಎರಡು ಸ್ಟೀಲ್ ಚಮಚದ ನಡುವ ಇಟ್ಟು ಒತ್ತಿ ಪುಡಿ ಮಾಡ್ತಿದ್ದೆ, ಸಕ್ಕರಿ ನೀರಾಗ ಕಲಸಿ, ಚಮಚಕ್ಕ ಹತ್ತಿದ್ದು ಬೆರಳಲೆ ವರಸಿ ಅವನ ನಾಲಗಿಗಿ ಹಚ್ಚತಿದ್ದೆ. ಒಂದು ಕಣ ಬಿಡ್ತಿರಲಿಲ್ಲ.

ತಿಂಗಳ ಮ್ಯಾಲ ಹತ್ತು ದಿವಸ ಆಗಿರಬೇಕು. ಒಲಿ ಮುಂದ ಕುಂತು ರೊಟ್ಟಿ ಬಡೀಲಾಕತ್ತಿದ್ದೆ, ಅಂವ ಹಿಂದ ಗ್ವಾಡಿಗಿ ಆನಕೊಂಡು ಕುಂತಿದ್ದ. ನಾ ರೊಟ್ಟಿ ಬಡದಂಗ ಅಂವ ಅಂಗೈಯಿಂದ ನೆಲ ಬಡೀಲಾಕ ಶುರು ಮಾಡಿದ. ತಟ್ ತಟ್ ತಟ್. ನಾ ನಿಂತ್ರ ತಾನೂ ನಿಲ್ಲತಾನ. ಹಿಂದ ತಿರುಗಿ ನೋಡಿದೆ. 'ಅವ್ವ' ಅಂದ. ರೊಟ್ಟಿ ಹೆಂಚಿನ ಮ್ಯಾಲೇ ಕರ್ರಗ ಆಯ್ತು ತಂಗೀ, ನಾ ಅವಗ ಎತ್ತಿಕೊಂಡು ಕುಂತೇ ಬಿಟ್ಟೆ.

ಆಮ್ಯಾಲ ದಿನಕ್ಕೊಂದು ಮಾತು ಬಂತು. ನೀರು, ಅಪ್ಪ, ಬೆಕ್ಕು. ಫಿಟ್ಸ್ ಒಂದೂ ಇಲ್ಲ. ಆದ್ರ ಆ ಗುಳಿಗಿಯಿಂದ ನಿದ್ದಿ. ಹಗಲೆಲ್ಲಾ ತೂಕಡಿಕಿ, ಎಬ್ಬಿಸಿದ್ರ ಸಿಟ್ಟು. ಥೇಟ್ ನಿನ್ನ ಕೂಸಿನಂಗೇ. ಅಷ್ಟೊತ್ತಿಗಿ ಹೋಳಿ ಹುಣ್ಣಿಮಿ ಬಂತು. ಹೋಳಿ ಆಗಿ ಐದನೇ ದಿವಸ ಗುಲಬರ್ಗಾದಾಗ ಶರಣಬಸಪ್ಪನ ತೇರು ಅಲ್ಲೇನು, ಕೂಸು ಎಚ್ಚರಿದ್ದು ತೇರು ನೋಡ್ಲಿ, ಅಪ್ಪನ ಗುಡ್ಯಾಗ ಹಣಿ ಹಚ್ಚಲಿ ಅಂತ ನನ್ನ ಆಸಿ. ಮನ್ಯಾಗ ಒಬ್ಬರು, ಹೆಸರು ಹೇಳಲ್ಲ, 'ಆರಾಮಾಗ್ಯಾನ, ಇನ್ನ ಯಾಕ ಆ ವಿಷ ಹಾಕ್ತಿ' ಅಂದ್ರು. ಹೋಳಿ ದಿವಸ ರಾತ್ರಿ ಗುಳಿಗಿ ಕೊಡಲಿಲ್ಲ. ಮರುದಿವಸಾನೂ ಕೊಡಲಿಲ್ಲ. ಪೋರ ಎಷ್ಟು ಚುರುಕಾದ ಅಂದ್ರ, ಕಟ್ಟಿ ಮ್ಯಾಲ ಕುಂತವರೆಲ್ಲಾ ನೋಡಿ ಹೊಗಳಿದ್ರು. ಛಲೋ ಮಾಡಿದೆ ಅಂದ್ಕೊಂಡೆ ನಾನು.

ತೇರಿನ ದಿವಸ ಮುಂಜಾನಿ ಜೀಪಿನಾಗ ಹೊಂಟೇವು. ಕಟ್ಟಿಸಂಗಾವಿ ಹೊಳಿ ಇನ್ನ ದೂರ ಇತ್ತು, ನನ್ನ ತೊಡಿ ಮ್ಯಾಲೇ ಫಿಟ್ಸ್ ಶುರುವಾಯ್ತು. ಮೊದಲಿನವು ಒಂದು ನಿಮಿಷ, ಎರಡು ನಿಮಿಷ ಬಂದು ನಿಲ್ತಿದ್ದವು. ಇದು ನಿಲ್ಲಲಿಲ್ಲ. ಭೀಮಾ ಪೂಲಿನ ಮ್ಯಾಲ ಜಾತ್ರಿಗಿ ಹೊಂಟ ಟ್ರ್ಯಾಕ್ಟರು, ಬಂಡಿ, ಜೀಪು ಮುಂದಕ್ಕ ಹೋಗ್ಲಾಕ ದಾರಿ ಇಲ್ಲ. ಯಾರೋ ಕೈಯಾಗ ಕೀಲಿ ಕೊಟ್ರು, ಯಾರೋ ಉಳ್ಳಾಗಡ್ಡಿ ಮೂಗಿಗಿ ಹಿಡದ್ರು, ಒಬ್ಬಂವ ಹಲ್ಲಿನ ನಡುವ ಚಮಚ ತುರಕಿದ. ಮುಂದಿನ ಹಲ್ಲು ಮುರದು ಬಾಯೆಲ್ಲಾ ರಕ್ತ. ದವಾಖಾನಿ ಮುಟ್ಟೋ ತನಾ ತುಟಿ ನೀಲಿಗಟ್ಟಿದ್ವು. ಸೂಜಿ ಹಾಕಿ ನಿಲ್ಲಿಸಿದ್ರು. 'ಔಷಧ ಯಾವಾಗ ಬಿಟ್ಟೀರಿ' ಅಂತ ಡಾಕ್ಟರ್ ಕೇಳಿದ್ದೇ ಮೊದಲ ಮಾತು. ನೋಡಿದ ಕೂಡಲೇ ಅವರಿಗಿ ತಿಳೀತು. ದಿನಾ ತಗೊಳ್ಳೋ ಗುಳಿಗಿ ಒಮ್ಮಿಗೇ ನಿಂತ್ರ ಮೆದುಳು ತಡಕೊಳ್ಳಲ್ಲಂತ, ಮೊದಲಿಗಿಂತ ದೊಡ್ಡ ಫಿಟ್ಸ್ ಬರ್ತದಂತ.

ಆ ಸಲ ಮನಿಗಿ ಬಂದ ಮ್ಯಾಲ ರೊಟ್ಟಿ ಬಡದೆ, ತಿರುಗಿ ನೋಡಿದೆ. ಗ್ವಾಡಿ ನೋಡ್ಕೋತ ಕುಂತಿದ್ದ. 'ಅವ್ವ' ಅನ್ಲಾಕ ಮತ್ತ ಏಳು ತಿಂಗಳು ಹಿಡೀತು. ಈಗ ದಾಲ್ ಮಿಲ್ಲಿನಾಗ ತೊಗರಿ ಚೀಲ ತೂಕ ಮಾಡ್ತಾನ, ಮದವಿ ಆಗ್ಯಾದ, ದೇವರು ಛಲೋ ಇಟ್ಟಾನ. ಆದ್ರ ಇವತ್ತಿಗೂ ಅಂಗಿ ಕಿಸೆದಾಗ ಒಂದು ಸಣ್ಣ ನೋಟ್‌ಬುಕ್ ಇರ್ತದ ನೋಡು, ಬರಕೊಳ್ಳದಿದ್ರ ಅರ್ಧ ತಾಸಿನಾಗ ಮರೀತಾನ. ಆ ಐದು ದಿವಸ ಗುಳಿಗಿ ಕೊಟ್ಟಿದ್ರ ಹ್ಯಾಂಗಿರ್ತಿದ್ದ ಅಂತ ನನ್ನ ಮನಸ್ಸು ಕೇಳದ ರಾತ್ರಿ ಇಲ್ಲ.

ಅದಕ್ಕ ಮತ್ತೊಮ್ಮಿ ಹೇಳ್ತೀನಿ. ನಿದ್ದಿ ಬರ್ಲಿ, ಸಿಟ್ಟು ಬರ್ಲಿ, ತಿಂಗಳಲ್ಲ ಆರು ತಿಂಗಳು ಫಿಟ್ಸ್ ಬರದೇ ಇರ್ಲಿ, ಆ ಔಷಧ ನೀ ಬಂದ್ ಮಾಡಬ್ಯಾಡ. ಸೇಡಂ ಅಕ್ಕ ಹೇಳಿದ್ರೂ ಮಾಡಬ್ಯಾಡ. ಅದನ್ನ ನಿಲ್ಲಸೋದು ಡಾಕ್ಟರ್, ಅವರೂ ಒಮ್ಮಿಗೇ ನಿಲ್ಲಸಲ್ಲ, ಸ್ವಲ್ಪ ಸ್ವಲ್ಪ ಇಳಿಸಿಕೋತ ಬರ್ತಾರ.

ಅಕ್ಕಾ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ, ಆದ್ರ ಹೇಳೋದು ಸಸಾರ. ಅವತ್ತ ನನಗ 'ಬಿಡು' ಅಂದವರು ಆಮ್ಯಾಲ 'ನಾ ಎಲ್ಲಿ ಹೇಳಿದೆ' ಅಂದ್ರು. ಊರೆಲ್ಲಾ ನನ್ನ ಹೆಸರೇ ಉಳೀತು, ತಾಯಿ ಕೈಯಾರ ಮಗನ್ನ ಕೆಡಿಸಿದ್ಲು ಅಂತ. ಎರಡು ಸಲ ಸೇರಿ 30 ದಿವಸ ದವಾಖಾನಿ ವರಾಂಡದಾಗ ಮಲಗಿದ್ದೆ, ನಮ್ಮವರು ಒಬ್ಬರು ಒಂದು ಡಬ್ಬಿ ಬುತ್ತಿ ತರಲಿಲ್ಲ. ಬಾಜು ಹಾಸಿಗಿ ತಾಯಿ, ಅಕಿದು ಚಿಂಚೋಳಿ ಕಡಿ ತಾಂಡಾ, ಯಾರೋ ಏನೋ, ಅಕಿ ತನ್ನ ರೊಟ್ಟ್ಯಾಗ ಅರ್ಧ ಮುರದು ಕೊಡ್ತಿದ್ಲು. ಪಾಟ್ಲಿ ಒತ್ತಿ ಇಟ್ಟೆ, ಅವು ತಿರುಗಿ ಬರಲೇ ಇಲ್ಲ. ಅದೂ ಹೋಗ್ಲಿ. ನಮ್ಮ ಮನಿತನದಾಗ ಒಂದು ಜವಳ ಇತ್ತು, ಪೋರಗ ಹೊಸ ಅಂಗಿ ಹಾಕಿ ಕರಕೊಂಡು ಹೋದೆ. ಅಂವ ಬಂದು ಮಕ್ಕಳ ಸಾಲಿನಾಗ ಕುಂತ ಕೂಡಲೇ ಒಬ್ಬಕಿ ತನ್ನ ಮಗನ ರಟ್ಟಿ ಹಿಡದು ಎಳದುಕೊಂಡ್ಲು, 'ಈ ಕಡಿ ಸರದು ಕುಂದರು, ಫಿಟ್ಸ್ ಹತ್ತತಾವ' ಅಂತ. ನನ್ನ ಮಗಗ ಬಾಗಿಲ ಹಿಂದ ಎಲಿ ಹಾಕಿದ್ರು. ಅಂವ ಏನೂ ತಿಳೀದೆ ಹೋಳಗಿ ತಿಂದ. ಫಿಟ್ಸ್ ಒಬ್ಬರದ್ದು ಒಬ್ಬರಿಗಿ ಹತ್ತಲ್ಲ, ಎಂಜಲಿಂದ ಹತ್ತಲ್ಲ, ಬಾಜು ಕುಂತ್ರ ಹತ್ತಲ್ಲ. ಈ ಗ್ರೂಪಿನಾಗ ಇರೋರು ಯಾರಾದ್ರೂ ನಮ್ಮ ಸಣ್ಣಂವಗ ಹಂಗ ಮಾಡಿದ್ರ ನಾ ಸುಮ್ನ ಇರಲ್ಲ, ಈಗೇ ಹೇಳಿಬಿಡ್ತೀನಿ.

ಶಹಾಬಾದ ಕಾಕಾ, ನೀವು ಕೇಳಿದಿರಿ, ಸಾಲಿಗಿ ಬಂದು ಮೆದುಳು ಜ್ವರದ ಲಸಿಕಿ ಹಾಕಿದ್ರಲ್ಲ, ಆದ್ರೂ ಮಕ್ಕಳಿಗಿ ಇದು ಹ್ಯಾಂಗ ಬರ್ತದ ಅಂತ. 2022ರ ಡಿಸೆಂಬರದಾಗ ಕಲಬುರಗಿ, ಯಾದಗಿರಿ ಸಾಲ್ಯಾಗ ಹಾಕಿದ್ದು ಜಪಾನೀಸ್ ಮೆದುಳು ಜ್ವರದ್ದು, ಸೊಳ್ಳಿಯಿಂದ ಬರೋದು. ಅದು ಬೇಕೇ ಬೇಕು. ಆದ್ರ ಮೆದುಳು ಜ್ವರಕ್ಕ ವೈರಸ್ ಬಾಳ. ನಮ್ಮ ಸಣ್ಣಂವಗ ಆಗಿದ್ದು ಹರ್ಪಿಸ್, ತುಟಿ ಮ್ಯಾಲ ಗುಳ್ಳಿ ಏಳಸ್ತದಲ್ಲ ಆ ಜಾತಿದು. ಅದಕ್ಕೇ ಆ ವೈರಸ್ಸಿನ ಔಷಧ ಅಸೈಕ್ಲೋವಿರ್ ಅಷ್ಟು ದಿವಸ ಏರಿಸ್ಯಾರ.

ಅಯ್ಯ, ನೀ ಕೇಳಿದ್ದೇ ಬಿಟ್ಟೆ ನೋಡು ತಂಗೀ. ನಿದ್ದಿ, ಸಿಟ್ಟಿಗಿ ಏನು ಮಾಡಬೇಕು ಅಂತ ಅಲ್ಲ ಕೇಳಿದ್ದು. ನೀ ಹಾಕಿದ ಫೋಟೋದಾಗ ಬಾಟ್ಲಿ ಮ್ಯಾಲ ಲೆವಿಟಿರಾಸಿಟಮ್ ಅಂತ ಅದ, ಸೊಸಿ ಓದಿದ್ಲು. ನಿಮ್ಮಣ್ಣಗ ನಡುವ ಅದನ್ನೇ ಕೊಟ್ಟಿದ್ರು. ಆ ಔಷಧದಿಂದಾನೂ ತೂಕಡಿಕಿ, ಸಿಟ್ಟು ಬರ್ತಾವ ಅಂತ ಡಾಕ್ಟರ್ ಬಾಯಿ ಹೇಳಿದ್ರು, ಬ್ಯಾನಿಯಿಂದಾನೂ ಬರ್ತಾವ. ಯಾವುದು ಅಂತ ನೋಡೋದು ಅವರ ಕೆಲಸ. ನಾಳಿ ಮುಂಜಾನಿ ಫೋನ್ ಹಚ್ಚಿ ಹೇಳು. ಡೋಸ್ ಇಳಸ್ತಾರ, ಇಲ್ಲಾ ಔಷಧಾನೇ ಬದಲಿ ಮಾಡ್ತಾರ. ಕೂಸಿನ ತೂಕ ಎಷ್ಟದ ಅಂತ ಮೊದಲೇ ನೋಡ್ಕೊಂಡು ಇರು, ಡೋಸ್ ತೂಕದ ಮ್ಯಾಲ ಇರ್ತದ. ಬಾಟ್ಲಿ ಜೋಡಿ ಕೊಟ್ಟ ಸಿರಿಂಜಿನಿಂದ ಅಳತಿ ಮಾಡು, ಮನಿ ಚಮಚದಿಂದ ಬ್ಯಾಡ. ಪುಡಿ ಕೊಡಬೇಕಂದ್ರೂ ಅವರಿಗೇ ಕೇಳು.

ಇನ್ನೊಂದು. ಬರೋ ಎರಡು ತಿಂಗಳು ಕಣ್ಣಿಟ್ಟು ನೋಡು. ಬಾಯಿ, ಕೈ ತಾನಾಗೇ ಸೊಟ್ಟಪಟ್ಟ ಆಡೋದು, ಬಂದ ಮಾತು ಮತ್ತ ಹೋಗೋದು, ರಾತ್ರಿಯೆಲ್ಲಾ ನಿದ್ದಿ ಇಲ್ಲದೆ ಒದರೋದು, ಇವು ಹೊಸದಾಗಿ ಶುರುವಾದ್ರ ಹಟ ಅಂತ ಬಡೀಬ್ಯಾಡ, ದೃಷ್ಟಿ ತಗೀತ ಕುಂದರಬ್ಯಾಡ. ಮೊಬೈಲಿನಾಗ ವಿಡಿಯೋ ತಗೊಂಡು ಅವತ್ತೇ ದವಾಖಾನಿಗಿ ಹೋಗು. ಹರ್ಪಿಸ್ ಹೋದ ಮ್ಯಾಲ ಕೆಲವು ಮಕ್ಕಳಿಗಿ ತಮ್ಮ ಮೈ ತಾನೇ ಮೆದುಳಿನ ಮ್ಯಾಲ ತಿರುಗಿ ಬೀಳ್ತದಂತ, ಅದಕ್ಕ ಬ್ಯಾರೆ ಔಷಧ ಅದ. ಫಿಟ್ಸ್ ಬಂದ್ರ ಮಗ್ಗಲಾಗಿ ಮಲಗಸು, ಬಾಯಾಗ ಏನೂ ಇಡಬ್ಯಾಡ, ಗಡಿಯಾರ ನೋಡು. ಐದು ನಿಮಿಷ ದಾಟಿದ್ರ 108ಕ್ಕ ಫೋನ್ ಮಾಡು.

ಮಾತು ಬರಸ್ಲಾಕ, ಕಲಬುರಗಿ ಸರ್ಕಾರಿ ದೊಡ್ಡ ದವಾಖಾನಿ ಜಿಮ್ಸ್‌ಗಿ ಹೋದಾಗ ಡಿಇಐಸಿ ಎಲ್ಲದ ಅಂತ ಕೇಳು, ಅದು ಬೆಳವಣಿಗಿ ಹಿಂದ ಬಿದ್ದ ಮಕ್ಕಳಿಗಿ ನೋಡೋ ಜಿಲ್ಲಾ ಕೇಂದ್ರ. ಹುಟ್ಟಿದ ಕೂಸಿನಿಂದ 18 ವರ್ಷದ ತನಾ ಮಕ್ಕಳಿಗಿ ಮಾತು ಕಲಿಸೋದು, ಕೈಕಾಲಿನ ವ್ಯಾಯಾಮ ರೊಕ್ಕ ಇಲ್ಲದೆ ಮಾಡಸ್ತಾರ, ಕಿವೀನೂ ತೋರಸು. ಮೊದಲ ಆರು ತಿಂಗಳು ಬಾಳ ಸುಧಾರಸ್ತಾವ, ಆಮ್ಯಾಲೂ ಒಂದೆರಡು ವರ್ಷ ಬರ್ತಾನೇ ಇರ್ತದ. ಪೂರ್ತಿ ಮೊದಲಿನಂಗ ಆಗ್ತಾನೋ ಅಂದ್ರ ಯಾರೂ ಬರದು ಕೊಡಲ್ಲ ತಂಗೀ, ನಾನೂ ಕೊಡಲ್ಲ.

ಬಾಟ್ಲ್ಯಾಗ ಎಷ್ಟು ಉಳದದ? ನಮ್ಮ ಕಡಿ ಮೆಡಿಕಲ್ ಅಂಗಡ್ಯಾಗ ಕೇಳಿದ ದಿವಸ ಸಿಗಲ್ಲ. ಈಗೇ ಬೆಳಕಿಗಿ ಹಿಡದು ಒಂದು ಫೋಟೋ ಹಾಕು. ಅರ್ಧಕ್ಕ ಕಡಿಮಿ ಇದ್ರ ನಿಮ್ಮಣ್ಣ ಸಂಜಿಗಿ ಮಿಲ್ಲಿನಿಂದ ಬರ್ತಾ ತಗೊಂಡು ಬಸ್ಸಿನಾಗ ಕಳಸ್ತಾನ. ನೋಟ್‌ಬುಕ್ಕಿನಾಗ ಬರಸಿದೀನಿ.