ಹಿನ್ನೀರಿನ ದೋಣಿಗೆ ಯಾವ ಲಂಗರು? ಕೈ ವಿಂಚ್ ಬೇಕೇ?

ಪ್ರಶ್ನೆ (ಮುನಿರಾಬಾದ್ ಕಡೆಯಿಂದ):

ಮೇಸ್ತ್ರಿಗಳಿಗೆ ನಮಸ್ಕಾರ. ನಾವು ತುಂಗಭದ್ರಾ ಹಿನ್ನೀರಿನಲ್ಲಿ ಮೀನು ಹಿಡಿಯುವವರು. ಅಜ್ಜನ ಕಾಲದಿಂದ ಹರಿಗೋಲೇ ಗತಿಯಾಗಿತ್ತು. ಎರಡು ವರ್ಷದ ಹಿಂದೆ ಸಾಲ ಮಾಡಿ 18 ಅಡಿಯ ಫೈಬರ್ ದೋಣಿ ಕೊಂಡೆವು, ಹಿಂದೆ ಸಣ್ಣ ಎಂಜಿನ್ ಇದೆ. ಲಂಗರು ಎಂದು ನಮ್ಮಲ್ಲಿರುವುದು ಮನೆಯ ಹಳೆಯ ಬೀಸುಕಲ್ಲಿನ ಒಂದು ಹೋಳು. ನಡುವೆ ತೂತಿದೆ, ಹಗ್ಗ ಪೋಣಿಸಲು ಸಲೀಸು. ತೂಕ 15 ಕೆ.ಜಿ., ಹಗ್ಗ ಆರು ಮಾರು.

ಕಳೆದ ಆಷಾಢದಲ್ಲಿ ನಾಲ್ಕು ಮಾರು ನೀರಿರುವ ಕಡೆ ಕಲ್ಲು ಬಿಟ್ಟು ಬುತ್ತಿ ಬಿಚ್ಚಿದೆವು. ರೊಟ್ಟಿ ಮುಗಿಯುವಷ್ಟರಲ್ಲಿ ದೋಣಿ ಗಾಳಿಗೆ ಸರಿದು ನಮ್ಮದೇ ಬಲೆಯ ಮೇಲೆ ಬಂದಿತ್ತು. ಬಲೆ ಎಂಜಿನ್ ಫ್ಯಾನಿಗೆ ಸುತ್ತಿಕೊಂಡು ಅರ್ಧ ಹರಿಯಿತು. ಅಪ್ಪನಿಗೆ ಭುಜದ ನೋವು ಬೇರೆ, ಕಲ್ಲು ಎತ್ತಲು ಆಗುತ್ತಿಲ್ಲ. 30 ಕೆ.ಜಿ.ಯ ಕಬ್ಬಿಣದ ಲಂಗರು ಮಾಡಿಸಿ, ಮೊಬೈಲಿನಲ್ಲಿ ನೋಡಿದ, 800 ಕೆ.ಜಿ. ಎಳೆಯುವ ಕೈ ವಿಂಚ್ (ಹಿಡಿಕೆ ತಿರುಗಿಸಿ ಹಗ್ಗ ಸುತ್ತುವ ಯಂತ್ರ) ತರಿಸಿ ದೋಣಿಯ ಮೂತಿಗೆ ಕೂರಿಸಬೇಕೆಂದಿದ್ದೇನೆ. ಸರಿಯೇ?

ಉತ್ತರ (ಮೇಸ್ತ್ರಿ, ಗಂಗಾವತಿ):

ತಮ್ಮಾ, ಇನ್ನೂ ದುಡ್ಡು ಕಟ್ಟಿಲ್ಲವಾದರೆ ನಿಲ್ಲಿಸಿ. ಮೂವತ್ತು ಕೆ.ಜಿ. ಲಂಗರೂ ಬೇಡ, ಮೂತಿಗೆ ವಿಂಚೂ ಬೇಡ. ನಾನು ಕರಾವಳಿಯ ಬಂದರಿನಲ್ಲಿ ಹದಿನಾರು ವರ್ಷ ದೋಣಿಗಳ ವಿಂಚ್ ಬಿಚ್ಚಿ ಕಟ್ಟಿದವನು. ವಿಂಚ್ ಬೇಡ ಎನ್ನುವುದು ನನ್ನ ಹೊಟ್ಟೆಪಾಡಿಗೆ ವಿರುದ್ಧವಾದ ಮಾತು, ಆದರೂ ಹೇಳುತ್ತಿದ್ದೇನೆ.

ನಿಮ್ಮ ಕಲ್ಲು ಜಾರಿದ್ದು ಹಗುರವಾಗಿದ್ದಕ್ಕಲ್ಲ. ಮೊದಲು ಲೆಕ್ಕ ನೋಡಿ. ಕಲ್ಲು ನೀರಿಗಿಳಿದ ಕೂಡಲೇ ತನ್ನ ತೂಕದ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ನಿಮ್ಮ 15 ಕೆ.ಜಿ. ಕೆಳಗೆ ಒಂಬತ್ತೂವರೆಯಷ್ಟೇ. ಕಬ್ಬಿಣಕ್ಕೆ ಕಳೆಯುವುದು ಎಂಟನೆಯ ಒಂದು ಪಾಲು. ಇತ್ತ ಗಂಟೆಗೆ 55 ಕಿ.ಮೀ. ವೇಗದ ಗಾಳಿ ಬೀಸಿದರೆ ನಿಮ್ಮ ಅಳತೆಯ ದೋಣಿ ಹಗ್ಗವನ್ನು ನೂರರಿಂದ ನೂರೈವತ್ತು ಕೆ.ಜಿ.ಯಷ್ಟು ಬಲದಿಂದ ಜಗ್ಗಬಹುದು. ಗಾಳಿಯ ವೇಗ ಇಮ್ಮಡಿಯಾದರೆ ಜಗ್ಗುವ ಬಲ ನಾಲ್ಕು ಪಟ್ಟಾಗುತ್ತದೆ. ಅಂಥ ಎಳೆತವನ್ನು ಬರೀ ಭಾರದಿಂದ ತಡೆಯಬೇಕಾದರೆ ದೋಣಿಯಲ್ಲಿ ಮೀನಿಗೆ ಜಾಗ ಉಳಿಯುವುದಿಲ್ಲ. ಲಂಗರಿನ ಕೆಲಸ ನೆಲವನ್ನು ಅಗೆದು ಕಚ್ಚುವುದು. ನೇಗಿಲು ಎತ್ತಿಗಿಂತ ಎಷ್ಟು ಹಗುರ, ಆದರೂ ಕುಳ ಬೇರಿಗೆ ಸಿಕ್ಕಿದರೆ ಎತ್ತು ನಿಲ್ಲಲೇಬೇಕು.

ಎರಡನೆಯದು ಹಗ್ಗ. ನಾಲ್ಕು ಮಾರು ನೀರಿಗೆ ಆರು ಮಾರು ಹಗ್ಗ ಎಂದಿರಿ. ಅಷ್ಟು ಗಿಡ್ಡ ಹಗ್ಗ ಲಂಗರನ್ನು ನೆಲದ ಉದ್ದಕ್ಕೆ ಎಳೆಯದೆ ಮೇಲಕ್ಕೆ ಎತ್ತುತ್ತದೆ. ಎತ್ತಿದ ಲಂಗರು ಕಚ್ಚುವುದೆಲ್ಲಿಂದ ಬಂತು? ನೀರಿನ ಆಳಕ್ಕೆ ದೋಣಿಯ ಮೂತಿಯ ಎತ್ತರವನ್ನೂ ಸೇರಿಸಿ, ಅದರ ಐದು ಪಟ್ಟು ಹಗ್ಗ ಬಿಡಬೇಕು, ಗಾಳಿ ಜೋರಿದ್ದರೆ ಏಳು ಪಟ್ಟು. ನಿಮ್ಮ ಲೆಕ್ಕದಲ್ಲಿ ನಾಲ್ಕೂವರೆ ಮಾರು. ಅಂದರೆ ಇಪ್ಪತ್ತೆರಡೂವರೆಯಿಂದ ಮೂವತ್ತೊಂದೂವರೆ ಮಾರು. ನಿಮ್ಮಲ್ಲಿರುವುದು ಆರು. ಬೀಸುಕಲ್ಲಿನ ಮೇಲೆ ತಪ್ಪು ಹೊರಿಸಬೇಡಿ.

ಮತ್ತೆ ಅವರೇ:

ಇಷ್ಟು ಹಗ್ಗ ಬೇಕೆಂದು ಯಾರೂ ಹೇಳಿರಲಿಲ್ಲ ಮೇಸ್ತ್ರಿ. ಅಪ್ಪ ಕೇಳಿ ನಕ್ಕುಬಿಟ್ಟರು, ಬಾವಿಗೂ ಅಷ್ಟು ಹಗ್ಗ ಬೇಡ ಎಂದರು. ಲಂಗರು ಯಾವ ತರಹದ್ದು ಮಾಡಿಸಲಿ? ನಮ್ಮಲ್ಲಿ ಕೆಲವು ಕಡೆ ಕೆಸರು, ಕೆಲವು ಕಡೆ ಮುಳುಗಡೆಯಾದ ಊರಿನ ಕಲ್ಲುಗೋಡೆ.

ಉತ್ತರ:

ಬಾವಿಯಲ್ಲಿ ಗಾಳಿ ಬೀಸುವುದಿಲ್ಲ ಎಂದು ಅಪ್ಪನಿಗೆ ಹೇಳಿ.

ನೆಲ ಎರಡು ತರಹವಾದರೆ ಲಂಗರೂ ಎರಡು ಬೇಕು. ಹೂಳಿಗೆ ಮಡಚುವ ಹಲಗೆಯದು ಒಳ್ಳೆಯದು. ಅಂಗಡಿಯಲ್ಲಿ ಡ್ಯಾನ್‌ಫೋರ್ತ್ ಎಂದು ಕೇಳಿ. ಎರಡು ಚಪ್ಪಟೆ ಹಲಗೆಗಳು ದಂಡದಿಂದ ಸುಮಾರು 30 ಡಿಗ್ರಿ ಬಾಗಿ ನೆಲಕ್ಕೆ ಇಳಿಯುತ್ತವೆ. ನಿಮ್ಮ ದೋಣಿಗೆ ಐದಾರು ಕೆ.ಜಿ.ಯದು ಸಾಕು. ತುಂಗಭದ್ರೆಯಲ್ಲಿ ಹೂಳಿಗೇನು ಕಡಿಮೆಯೇ? 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105ಕ್ಕೆ ಇಳಿದಿದೆ. ಹೂಳು ತುಂಬಿದ ಆ ಜಾಗವೆಲ್ಲ ಲಂಗರು ಕಚ್ಚುವ ನೆಲವೇ.

ಕಲ್ಲುಗೋಡೆ, ಬಂಡೆ, ಮರದ ಬೊಡ್ಡೆ ಇರುವಲ್ಲಿ ಹಲಗೆಯ ಲಂಗರು ವ್ಯರ್ಥ. ಅಲ್ಲಿಗೆ ನಾಲ್ಕು ಕೊಕ್ಕೆಯದು ಬೇಕು, ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯ ಅಣ್ಣನಂಥದು. ಇದನ್ನು ಕೊಳ್ಳುವುದೇ ಬೇಡ. ಒಂದು ತುಂಡು ಪೈಪು, ನಾಲ್ಕು ತುಂಡು 12 ಎಂ.ಎಂ. ಕಂಬಿ, ಊರಿನ ವೆಲ್ಡಿಂಗ್ ಅಂಗಡಿ, ಅಷ್ಟೇ. ಕೊಕ್ಕೆ ದಪ್ಪವಾಗಿರಲಿ ಎಂದು 16 ಎಂ.ಎಂ. ಹಾಕಿಸುವವರಿದ್ದಾರೆ. ಬೇಡ. ಗೋಡೆಯ ಸಂದಿಗೆ ಸಿಕ್ಕಿಬಿದ್ದರೆ ಎಂಜಿನ್ ಎಳೆತಕ್ಕೆ ಕಂಬಿ ನೆಟ್ಟಗಾಗಿ ಬಿಟ್ಟುಬರಬೇಕು. ದಡಕ್ಕೆ ಬಂದು ಮತ್ತೆ ಬಗ್ಗಿಸಿಕೊಂಡರಾಯಿತು. ಬಗ್ಗದ ಕೊಕ್ಕೆ ಅಲ್ಲೇ ಉಳಿಯುತ್ತದೆ, ಇಲ್ಲವೇ ದೋಣಿಯನ್ನು ತನ್ನ ಕಡೆಗೆ ಕರೆಯುತ್ತದೆ.

ನೆಲ ಯಾವುದೆಂದು ತಿಳಿಯಲು ಹಳೆಯ ಉಪಾಯವೊಂದಿದೆ. ಒಂದು ಸಣ್ಣ ಗುಂಡಿನ ಬುಡಕ್ಕೆ ಗ್ರೀಸ್ ಬಳಿದು ದಾರದಲ್ಲಿ ಇಳಿಸಿ. ಮೇಲೆ ಬಂದಾಗ ಗ್ರೀಸಿಗೆ ಕಪ್ಪು ರಾಡಿ ಮೆತ್ತಿದ್ದರೆ ಹೂಳು, ಕಾಳು ಅಂಟಿದ್ದರೆ ಮರಳು, ಏನೂ ಅಂಟದೆ ಗೀರು ಮಾತ್ರ ಬಿದ್ದಿದ್ದರೆ ಕಲ್ಲು. ಅದಕ್ಕಿಂತ ಸುಲಭದ ದಾರಿಯೂ ನಿಮಗಿದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಚಪ್ಪಲಿ ಹಾಕಿಕೊಂಡು ನಡೆದು ನೋಡಿ ಬನ್ನಿ. ಮಳೆಗಾಲದಲ್ಲಿ ನೀವು ಲಂಗರು ಬಿಡುವ ನೆಲವೇ ಅದು. ಸಮುದ್ರದವರಿಗೆ ಆ ಭಾಗ್ಯವಿಲ್ಲ.

ಲಂಗರಿಗೂ ಹಗ್ಗಕ್ಕೂ ನಡುವೆ ಹತ್ತು ಅಡಿ ಸರಪಳಿ ಹಾಕಿ. 8 ಎಂ.ಎಂ. ಸರಪಳಿ ಹತ್ತು ಅಡಿಗೆ ನಾಲ್ಕು ಕೆ.ಜಿ.ಗಿಂತ ತುಸು ಹೆಚ್ಚು ತೂಗುತ್ತದೆ. ಅದು ನೆಲದ ಮೇಲೆ ಮಲಗಿ ಲಂಗರಿನ ದಂಡವನ್ನೂ ಮಲಗಿಸಿಡುತ್ತದೆ, ಕಲ್ಲಿನ ಅಂಚಿಗೆ ಹಗ್ಗ ಸವೆಯುವುದನ್ನೂ ತಪ್ಪಿಸುತ್ತದೆ. ಜೋಡಿಸಲು ಡಿ ಶ್ಯಾಕಲ್ (ಪಿನ್ ಹಾಕಿ ಮುಚ್ಚುವ ಡಿ ಆಕಾರದ ಕೊಂಡಿ) ಬಳಸಿ, ಅದರ ಪಿನ್ ತಿರುಗದಂತೆ ತಂತಿ ಬಿಗಿಯಿರಿ. ಸಿಹಿನೀರಾದ್ದರಿಂದ ಬಣ್ಣ ಬಳಿದ ಕಬ್ಬಿಣವೇ ನಡೆಯುತ್ತದೆ. ಆದರೆ ಗುಜರಿಯಲ್ಲಿ ಲಾರಿಯ ಹಳೆಯ ಸರಪಳಿ ಕೊಳ್ಳುವುದಾದರೆ ಒಂದೊಂದೇ ಕೊಂಡಿಯನ್ನು ತಿರುಗಿಸಿ ನೋಡಿ. ಕೊಂಡಿ ಕೊಂಡಿ ಸೇರುವಲ್ಲಿ ಸವೆದು ಸಪೂರವಾಗಿದ್ದರೆ ಬಿಟ್ಟುಬನ್ನಿ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದದ್ದನ್ನು ನೋಡಿದ ಊರಿನವರು ನೀವು, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ (ಬಳ್ಳಾರಿಯ ಸದಸ್ಯರೊಬ್ಬರು):

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಹಗ್ಗ ನೈಲಾನಿನದೋ, ಹೊಲದಲ್ಲಿ ಬಳಸುವ ಪ್ಲಾಸ್ಟಿಕ್‌ನದೋ? ಪ್ಲಾಸ್ಟಿಕ್ ಹಗ್ಗ ಅರ್ಧ ಬೆಲೆಗೆ ಸಿಗುತ್ತದೆ.

ಉತ್ತರ:

ನೈಲಾನ್. ಅದು ಜಗ್ಗಿದಾಗ ಹಿಗ್ಗುತ್ತದೆ, ಅಲೆಯ ಏಟನ್ನು ತಾನು ನುಂಗಿ ಲಂಗರಿಗೆ ತಾಕದಂತೆ ನೋಡಿಕೊಳ್ಳುತ್ತದೆ. 10 ಎಂ.ಎಂ. ತೆಗೆದುಕೊಳ್ಳಿ. ತೆಳುವಾದದ್ದೂ ಎಳೆತ ತಡೆಯುತ್ತದೆ, ಆದರೆ ಒದ್ದೆ ಕೈಗೆ ಹಿಡಿತ ಸಿಗದೆ ಅಂಗೈ ಕೊಯ್ಯುತ್ತದೆ. ಪ್ಲಾಸ್ಟಿಕ್ ಹಗ್ಗ ನೀರಿನ ಮೇಲೆ ತೇಲುತ್ತದೆ, ತೇಲುವ ಹಗ್ಗ ಫ್ಯಾನಿಗೆ ಸುತ್ತುತ್ತದೆ. ನಮ್ಮ ಬಿಸಿಲಿಗೆ ಬೇಗ ಗರಿಗರಿಯಾಗಿ ನಾರು ಉದುರತೊಡಗುತ್ತದೆ. ಹೊಲಕ್ಕೇ ಇರಲಿ.

ಮತ್ತೆ ಮುನಿರಾಬಾದ್ ಕಡೆಯವರು:

ಸರಿ ಮೇಸ್ತ್ರಿ. ವಿಂಚ್ ಏಕೆ ಬೇಡ ಎಂದು ಮಾತ್ರ ಹೇಳಲಿಲ್ಲ. ಅಪ್ಪನ ಭುಜದ ಸಲುವಾಗಿಯೇ ಕೇಳಿದ್ದು.

ಉತ್ತರ:

ಹೌದು, ಅದೇ ಮುಖ್ಯ. ಎತ್ತಬೇಕಾದ್ದೆಷ್ಟು ನೋಡಿ: ಲಂಗರು ಐದಾರು ಕೆ.ಜಿ., ಸರಪಳಿ ನಾಲ್ಕು. ನೀರಿನಲ್ಲಿ ಒಟ್ಟು ಒಂಬತ್ತು. ಹಗ್ಗದ ಭಾರ ನೀರಿನಲ್ಲಿ ಇಲ್ಲವೆಂದೇ ಇಟ್ಟುಕೊಳ್ಳಿ. ಭುಜ ನೋಯುವುದು ಎತ್ತುವುದರಿಂದಲ್ಲ, ಗಾಳಿಗೆ ಎದುರಾಗಿ ಇಡೀ ದೋಣಿಯನ್ನು ಕೈಯಲ್ಲಿ ಲಂಗರಿನ ಕಡೆಗೆ ಎಳೆಯುವುದರಿಂದ. ಆ ಕೆಲಸವನ್ನು ಎಂಜಿನ್‌ಗೆ ಬಿಡಿ. ನೀವು ಎಂಜಿನ್ ಹಿಡಿದು ನಿಧಾನವಾಗಿ ಮುಂದೆ ಹೋಗಿ, ಅಪ್ಪ ಸಡಿಲವಾದ ಹಗ್ಗವನ್ನು ಬುಟ್ಟಿಗೆ ಸುರುಳಿ ಹಾಕಲಿ. ಹಗ್ಗ ನೇರ ಕೆಳಕ್ಕೆ ಇಳಿದಾಗ ಮೂತಿಯ ಗೂಟಕ್ಕೆ ಎರಡು ಸುತ್ತು ಹಾಕಿ ಸುಮ್ಮನೆ ಕೂರಿ. ಅಲೆ ದೋಣಿಯನ್ನು ಎತ್ತಿದಾಗ ಲಂಗರು ತಾನೇ ಕೆಸರು ಬಿಡುತ್ತದೆ. ಮೂತಿಗೆ ಒಂದು ರಬ್ಬರ್ ರೋಲರ್ ಹಾಕಿಸಿ, ಹಗ್ಗ ಅಂಚಿಗೆ ಉಜ್ಜದೆ ಬರುತ್ತದೆ. ವಿಂಚಿಗೆ ಹಾಕುವ ದುಡ್ಡಿನಲ್ಲಿ ಹಗ್ಗ, ಸರಪಳಿ, ರೋಲರ್ ಬಂದು ಚಹಾ ಖರ್ಚೂ ಉಳಿದೀತು.

ಇನ್ನು ಆ 800 ಕೆ.ಜಿ. ವಿಂಚ್. ಲಂಗರು ಗೋಡೆಗೆ ಸಿಕ್ಕಿಕೊಂಡಿದೆ ಎಂದುಕೊಳ್ಳಿ. ಹಿಡಿಕೆ ತಿರುಗಿಸಿದಷ್ಟೂ ಲಂಗರು ಬರುವುದಿಲ್ಲ, ದೋಣಿಯ ಮೂತಿ ಇಳಿಯುತ್ತದೆ. ಹಲ್ಲುಚಕ್ರ ಟಕ್ ಟಕ್ ಎಂದು ಹಿಡಿದುಕೊಳ್ಳುತ್ತ ಹೋಗುವುದರಿಂದ ಎಷ್ಟು ಇಳಿಯಿತೆಂದು ಕೈಗೆ ತಿಳಿಯುವುದೂ ಇಲ್ಲ. ಅಷ್ಟರಲ್ಲಿ ಒಂದು ಅಲೆ ಒಳಗೆ ಬಂದರೆ ಮುಗಿಯಿತು. ಕೈಯಲ್ಲಿ ಎಳೆಯುವವನಿಗೆ ಎಲ್ಲಿ ನಿಲ್ಲಿಸಬೇಕೆಂದು ಸೊಂಟವೇ ಹೇಳುತ್ತದೆ, ವಿಂಚಿಗೆ ಸೊಂಟವಿಲ್ಲ. ಮೇಲಾಗಿ ನೈಲಾನ್ ಹಗ್ಗವನ್ನು ಬಿಗಿಯಾಗಿ ಉರುಳೆಗೆ ಸುತ್ತಿದರೆ ಹಿಗ್ಗಿದ ಹಗ್ಗ ಕುಗ್ಗುತ್ತ ಉರುಳೆಯ ಅಂಚುಗಳನ್ನೇ ಅಗಲಿಸಿಬಿಡುತ್ತದೆ.

ವಿಂಚ್ ಬೇಕೇಬೇಕೆಂದರೆ ಅದರ ಜಾಗ ದಡ. ಸಂಜೆ ದೋಣಿಯನ್ನು ಮೇಲಕ್ಕೆ ಎಳೆಯುವುದಕ್ಕೆ ಅಪ್ಪನ ಭುಜ ಸವೆಯುತ್ತಿದೆ ಎಂದು ನನ್ನ ಅನುಮಾನ. ಬಂಡೆಗೋ ಬೇವಿನ ಮರದ ಬುಡಕ್ಕೋ ವಿಂಚ್ ಬಿಗಿದು, ದೋಣಿಯ ಕೆಳಗೆ ಪಿವಿಸಿ ಪೈಪಿನ ನಾಲ್ಕು ತುಂಡು ಉರುಳು ಹಾಕಿದರೆ ಒಬ್ಬನೇ ಎಳೆಯಬಹುದು. ಕೊಳ್ಳುವಾಗ ಎರಡು ಮಾತು ನೆನಪಿಡಿ. ಡಬ್ಬದ ಮೇಲೆ ಬರೆದ 800 ಕೆ.ಜಿ. ಉರುಳೆಯ ಮೇಲಿನ ಮೊದಲ ಸುತ್ತಿಗಷ್ಟೇ. ಸುತ್ತಿನ ಮೇಲೆ ಸುತ್ತು ಬಿದ್ದು ಉರುಳೆಯ ಅಗಲ ಇಮ್ಮಡಿಯಾದರೆ ಎಳೆಯುವ ಶಕ್ತಿ ಅರ್ಧಕ್ಕಿಳಿಯುತ್ತದೆ. ಎರಡನೆಯದು, ಬರೀ ನಾಲಗೆ ಹಲ್ಲಿನದು (ಹಲ್ಲುಚಕ್ರ ಹಿಂದಕ್ಕೆ ತಿರುಗದಂತೆ ಒಂದು ನಾಲಗೆ ಮಾತ್ರ ತಡೆಯುವಂಥದು) ಬೇಡ, ಬ್ರೇಕ್ ಇರುವುದನ್ನೇ ಕೇಳಿ. ಬ್ರೇಕ್ ಇಲ್ಲದ ವಿಂಚಿನಲ್ಲಿ ಭಾರವಿರುವಾಗ ನಾಲಗೆ ಎತ್ತಿ ಕೈ ಜಾರಿದರೆ ಹಿಡಿಕೆ ಫ್ಯಾನಿನಂತೆ ತಿರುಗುತ್ತದೆ. ನನ್ನ ಎಡ ಮಣಿಕಟ್ಟು ಇವತ್ತಿಗೂ ಪೂರ್ತಿ ಮಡಚುವುದಿಲ್ಲ, ಮಳೆ ಬರುವ ಮೊದಲು ಅದಕ್ಕೆ ಗೊತ್ತಾಗುತ್ತದೆ.

ಪ್ರಶ್ನೆ (ರಾಯಚೂರು ಜಿಲ್ಲೆಯಿಂದ):

ನಾವು ಕೃಷ್ಣಾ ನದಿಯಲ್ಲಿ ಹರಿಗೋಲು ಹಾಕುವವರು. ನಮಗೂ ಇಂಥದೇ ಲಂಗರು ಆಗುತ್ತದೆಯೇ, ಅಣ್ಣಾ?

ಉತ್ತರ:

ನಿಂತ ನೀರಿನಲ್ಲಾದರೆ ನಿಮ್ಮ ಕಲ್ಲೇ ಸಾಕು. ಹರಿವಿನಲ್ಲಿ ಹರಿಗೋಲಿಗೆ ಲಂಗರು ಹಾಕಲೇಬೇಡಿ. ಅದಕ್ಕೆ ಮೂತಿಯೂ ಇಲ್ಲ, ಹಿಂದೂ ಇಲ್ಲ. ಹಗ್ಗ ಕಟ್ಟಿದ ಅಂಚು ಹರಿವಿಗೆ ಎದುರಾಗಿ ಬಗ್ಗಿ ನೀರು ಒಳಗೆ ನುಗ್ಗುತ್ತದೆ. ನಾರಾಯಣಪುರದಿಂದ ನೀರು ಬಿಟ್ಟಿದ್ದಾರೆಂಬ ಸುದ್ದಿ ಬಂದ ದಿನ ಲಂಗರಿನ ಮಾತೇ ಬೇಡ, ಹರಿಗೋಲನ್ನು ತಲೆಯ ಮೇಲೆ ಹೊತ್ತು ಮನೆಗೆ ನಡೆಯಿರಿ.

ಇದರದೇ ಇನ್ನೊಂದು ಪಾಠ ಫೈಬರ್ ದೋಣಿಯವರಿಗೂ ಇದೆ. ಲಂಗರಿನ ಹಗ್ಗವನ್ನು ಎಂಜಿನ್ ಇರುವ ಹಿಂಭಾಗಕ್ಕೆ ಎಂದೂ ಕಟ್ಟಬೇಡಿ. ಅಲ್ಲಿ ಅಂಚು ತಗ್ಗು, ಭಾರ ಹೆಚ್ಚು, ಅಲೆ ನೇರವಾಗಿ ಒಳಗೆ ಬರುತ್ತದೆ. ಮೂತಿಯ ಗೂಟದ ಹತ್ತಿರ ಒಂದು ಹರಿತವಾದ ಚಾಕು ಸದಾ ಇರಲಿ.

ಎರಡು ತಿಂಗಳ ನಂತರ, ಮುನಿರಾಬಾದ್ ಕಡೆಯವರು:

ಮೇಸ್ತ್ರಿ, ಹೊಸಪೇಟೆಯಿಂದ ಹಗ್ಗ, ಸರಪಳಿ ತಂದೆ. ಹಲಗೆಯ ಲಂಗರು ಐದು ಕೆ.ಜಿ.ಯದು ತರಿಸಿದೆ, ಕೊಕ್ಕೆಯದು ನಮ್ಮೂರಿನಲ್ಲೇ ಮಾಡಿಸಿದೆ. ಮೊದಲ ಸಲ ಎಸೆದುಬಿಟ್ಟೆ, ಸರಪಳಿ ಹಲಗೆಗೆ ಸುತ್ತಿಕೊಂಡು ಕಚ್ಚಲಿಲ್ಲ. ಆಮೇಲೆ ನಿಧಾನವಾಗಿ ಇಳಿಸಿ, ದೋಣಿಯನ್ನು ಗಾಳಿಗೆ ಹಿಂದಕ್ಕೆ ಬಿಡುತ್ತ ಹಗ್ಗ ಕೊಟ್ಟೆವು. ನಿಂತಿತು. ಆದರೆ ಕಚ್ಚಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಇನ್ನೊಂದು, ಅಪ್ಪ ಬೀಸುಕಲ್ಲನ್ನು ದೋಣಿಯಿಂದ ಇಳಿಸಲು ಬಿಡುತ್ತಿಲ್ಲ. ಸುಮ್ಮನೆ ಭಾರ.

ಉತ್ತರ:

ಬಿಗಿಯಾದ ಹಗ್ಗದ ಮೇಲೆ ಎರಡು ಬೆರಳಿಡಿ. ಜಾರುತ್ತಿರುವ ಲಂಗರು ನೆಲವನ್ನು ಕೆರೆಯುವುದು ಹಗ್ಗದಲ್ಲಿ ಗುರ್ ಗುರ್ ಎಂದು ನಡುಗುತ್ತದೆ. ಕಚ್ಚಿದ್ದರೆ ಹಗ್ಗ ಬಿಗಿಯುತ್ತದೆ, ಸಡಿಲವಾಗುತ್ತದೆ, ನಡುಗುವುದಿಲ್ಲ. ದಡದಲ್ಲಿ ಒಂದರ ಹಿಂದೆ ಒಂದು ಕಾಣುವ ಎರಡು ಗುರುತನ್ನೂ ನೋಡಿಟ್ಟುಕೊಳ್ಳಿ, ಹತ್ತಿರದ ಮರ ಮತ್ತು ಅದರ ಹಿಂದಿನ ಗುಡ್ಡದ ತುದಿಯಂಥದು. ದೋಣಿ ಹಗ್ಗದ ತುದಿಯಲ್ಲಿ ಅತ್ತಿತ್ತ ತೂಗುವುದು ಸಹಜ, ಎರಡೂ ಗುರುತು ದೂರವಾಗಿ ಹಾಗೇ ಉಳಿದರೆ ಜಾರುತ್ತಿದ್ದೀರಿ.

ಬೀಸುಕಲ್ಲಿನ ವಿಷಯದಲ್ಲಿ ಅಪ್ಪನೇ ಸರಿ. ಗಾಳಿ ಎದ್ದ ದಿನ ಲಂಗರಿನ ಹಗ್ಗಕ್ಕೆ ಒಂದು ದೊಡ್ಡ ಶ್ಯಾಕಲ್ ಸಿಕ್ಕಿಸಿ, ಅದಕ್ಕೆ ಕಲ್ಲನ್ನು ತೂಗುಹಾಕಿ, ಬೇರೆ ದಾರದಲ್ಲಿ ಹಿಡಿದುಕೊಂಡು ಹಗ್ಗದ ಅರ್ಧದವರೆಗೆ ಜಾರಿಸಿ. ನಡುವಿನ ಭಾರಕ್ಕೆ ಹಗ್ಗ ಜೋತು ಬಿದ್ದು ಲಂಗರಿನ ಕಡೆಯ ಎಳೆತ ನೆಲಕ್ಕೆ ಇನ್ನಷ್ಟು ಹತ್ತಿರವಾಗುತ್ತದೆ. ಎತ್ತುವಾಗ ಮೊದಲು ಕಲ್ಲು, ಆಮೇಲೆ ಲಂಗರು. ಎತ್ತುವವರು ನೀವು, ಅಪ್ಪನಲ್ಲ.