ಎಲೆಯಿಂದ ತೆಗೆದದ್ದು ಸಾರವೋ, ಸತ್ವವೋ, ಕಷಾಯವೋ?

ಎಲ್ಲರಿಗೂ ನಮಸ್ಕಾರ. ಕೊಡಗಿನ ಸೋಮವಾರಪೇಟೆಯಿಂದ ಬರೆಯುತ್ತಿದ್ದೇನೆ. 'ಎಕ್ಸ್‌ಟ್ರಾಕ್ಟ್' ಅನ್ನುವುದಕ್ಕೆ ಕನ್ನಡದ ಒಂದು ಪದ ಸಿಗದೆ ವಾರದಿಂದ ಒದ್ದಾಡುತ್ತಿದ್ದೇನೆ.

ತಂಗಿಯ ಮಗಳು ನೇರಳೆ ಮರದ ಎಲೆ ಹಿಡಿದುಕೊಂಡು ಕಾಲೇಜಿಗೆ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲ್ ಅನ್ನುವ ಒಂದು ಬಗೆಯ ಆಲ್ಕೋಹಾಲ್‌ನಲ್ಲಿ ನೆನೆಹಾಕಿ ಸೋಸುತ್ತಾರೆ. ಮೆಥನಾಲ್ ವಿಷ, ಹಾಗಾಗಿ ಅದನ್ನೆಲ್ಲ ಆವಿ ಮಾಡಿ ತೆಗೆಯಬೇಕು. ಕೊನೆಗೆ ತಳದಲ್ಲಿ ಕಪ್ಪಗೆ, ಅಂಟಂಟಾಗಿ ಒಂದಿಷ್ಟು ಉಳಿಯುತ್ತದೆ. ಅದೇ ಎಕ್ಸ್‌ಟ್ರಾಕ್ಟ್. ಊರವರಿಗೆ ಅಂತ ಎರಡು ಪುಟ ಕನ್ನಡದಲ್ಲಿ ಬರೆದು ನನಗೆ ತಿದ್ದಲು ಕೊಟ್ಟಳು. ಎಲ್ಲ ಕಡೆ 'ಸಾರ'. ಪಕ್ಕದಲ್ಲೇ ಕೂತಿದ್ದ ಅಮ್ಮ, "ನೇರಳೆ ಎಲೇಲಿ ಸಾರು ಮಾಡ್ತಾರಾ?" ಅಂದರು.

ನಗು ಬಂತು, ಆದರೆ ತಪ್ಪು ಅಮ್ಮನದಲ್ಲ. ಮಣ್ಣಿನ ಸಾರ, ಮಾತಿನ ಸಾರ ಅನ್ನುವಾಗ ಅದು ಒಳಗೇ ಇರುವಂಥದ್ದು. ಹೊರಗೆ ತೆಗೆದು ಬಾಟಲಿಗೆ ಹಾಕಿದ್ದು ಕಣ್ಣಿಗೆ ಕಟ್ಟುವುದಿಲ್ಲ. 'ಸತ್ವ' ಅನ್ನೋಣವೆಂದರೆ ಅದು ಬೇರೆ ಕೆಲಸಕ್ಕೆ ಹೋಗಿದೆ. ಅಮೃತಬಳ್ಳಿ ಸತ್ವ ಅಂದರೆ ಕಾಂಡ ಜಜ್ಜಿ ನೀರಲ್ಲಿ ಕಿವುಚಿ, ತಳದಲ್ಲಿ ಕೂತ ಬಿಳಿ ಹಿಟ್ಟು.

ಕಷಾಯದ್ದು ಇನ್ನೂ ಸ್ವಾರಸ್ಯ. ಆಯುರ್ವೇದದಲ್ಲಿ ಅದು ಐದು ಬಗೆಗೆ ಒಟ್ಟು ಹೆಸರು: ಹಿಂಡಿದ ರಸ ಸ್ವರಸ, ಅರೆದದ್ದು ಕಲ್ಕ, ಕುದಿಸಿ ಬತ್ತಿಸಿದ್ದು ಕ್ವಾಥ, ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿದ್ದು ಹಿಮ, ಬಿಸಿನೀರು ಹುಯ್ದು ಸೋಸಿದ್ದು ಫಾಂಟ. ನಮ್ಮ ಬಾಯಲ್ಲಿ ಕುದಿಸಿದ್ದೊಂದೇ ಕಷಾಯವಾಗಿ ಉಳಿಯಿತು. ಅದೂ ಪೂರ್ತಿ ಅಲ್ಲ. ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮನೆಯಲ್ಲಿ ಮದ್ದು ಸೊಪ್ಪು ಬೇಯಿಸುತ್ತೇವಲ್ಲ, ನೀರು ಗಾಢ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಸೋಸಿ ಅದರಲ್ಲೇ ಪಾಯಸ ಮಾಡುತ್ತೇವೆ. ಕೆಲಸ ನೋಡಿದರೆ ಅಪ್ಪಟ ಕಷಾಯ. ಆದರೆ ಅಮ್ಮ ಒಂದು ದಿನವೂ ಹಾಗೆ ಕರೆದಿಲ್ಲ, ಮದ್ದಿನ ನೀರು ಅಂತಲೇ ಅನ್ನುವುದು. ಕಷಾಯ ಅಂದರೆ ಕಾಯಿಲೆ ಬಿದ್ದವರು ಮುಖ ಸಿಂಡರಿಸಿಕೊಂಡು ಕುಡಿಯುವುದು, ಪಾಯಸಕ್ಕೆ ಆ ಹೆಸರು ಯಾರು ಇಡುತ್ತಾರೆ!

ಹೆಸರು ಏನಾದರೇನು ಅನ್ನುವ ಹಾಗೂ ಇಲ್ಲ. ಮಲೇರಿಯಾ ಮದ್ದು ಆರ್ಟೆಮಿಸಿನಿನ್ ಸಿಕ್ಕಿದ್ದು ನೆನಪಿಸಿಕೊಳ್ಳಿ. ಅದು ಮರದ್ದಲ್ಲ, ಸಣ್ಣ ಗಿಡದ್ದು. ಚೀನಾದ ತು ಯೂಯೂ ತಂಡಕ್ಕೆ ಒಮ್ಮೆ ಗುಣ ಕಂಡರೆ ಇನ್ನೊಮ್ಮೆ ಕಾಣುತ್ತಿರಲಿಲ್ಲ. 4ನೇ ಶತಮಾನದ ಒಂದು ವೈದ್ಯಗ್ರಂಥದಲ್ಲಿ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಅಂತಿತ್ತು, ಕುದಿಸಿ ಅಂತ ಇರಲಿಲ್ಲ. ಕಾವಿಗೆ ಮದ್ದು ಕೆಡುತ್ತಿದೆಯೇನೋ ಅನ್ನಿಸಿ, 1971ರಲ್ಲಿ ಅವರು 35 ಡಿಗ್ರಿಗೇ ಕುದಿಯುವ ಈಥರ್ ಅನ್ನುವ ದ್ರವ ಬಳಸಿದರು. ಕೆಲಸ ಆಯಿತು. 2015ರಲ್ಲಿ ನೊಬೆಲ್ ಬಂತು. 'ಹಿಂಡು', 'ಕುದಿಸು' ಎರಡನ್ನೂ ಸುಮ್ನೆ 'ಸಾರ ತೆಗೆ' ಅಂತ ಬರೆದಿದ್ದರೆ ಈ ಸುಳಿವೇ ಸಿಗುತ್ತಿರಲಿಲ್ಲ, ಅಲ್ವಾ?

ಅದಕ್ಕೇ ನನ್ನ ಒಲವು 'ಇಳಿಸು' ಕಡೆಗಿದೆ. ಫಿಲ್ಟರ್‌ಗೆ ಪುಡಿ ಹಾಕಿ ಬಿಸಿನೀರು ಹುಯ್ದು "ಡಿಕಾಕ್ಷನ್ ಇಳಿಯಿತಾ?" ಅಂತ ದಿನಾ ಕೇಳುತ್ತೇವೆ. ಕಾಫಿ ನಾಡಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 'ಎಲೆ ಇಳಿಸಿದ ರಸ' ಅಂತ ಬರೆದೆ. ಹುಡುಗಿ ಒಪ್ಪಲಿಲ್ಲ, ಭಟ್ಟಿ ಇಳಿಸಿದ ಹಾಗೆ ಕೇಳಿಸುತ್ತದಂತೆ. ಅದೂ ನಿಜವೇ.

ಇನ್ನೊಂದು ತೊಡಕು 'ಗುಣ'. ಅವಳ ಪರೀಕ್ಷೆ ಇಷ್ಟೇ: ಡಿಪಿಪಿಎಚ್ ಅನ್ನುವ ನೇರಳೆ ಬಣ್ಣದ ದ್ರಾವಣಕ್ಕೆ ಈ ರಸ ಹಾಕಿದರೆ ಬಣ್ಣ ಮಾಸಿ ಹಳದಿಯಾಗುತ್ತದೆ. ಆಂಟಿಆಕ್ಸಿಡೆಂಟ್, ಅಂದರೆ ಜೀವಕೋಶಕ್ಕೆ ಹಾನಿ ಮಾಡುವ ಕಣಗಳನ್ನು ತಡೆಯುವ ವಸ್ತು, ಇದೆ ಅಂತ ಲೆಕ್ಕ. 'ನೇರಳೆ ಎಲೆಯಲ್ಲಿ ಗುಣ ಕಂಡುಬಂತು' ಅಂತ ಬರೆದಿದ್ದಾಳೆ. ಓದಿದವರು ಕಾಯಿಲೆ ಗುಣವಾಯಿತು ಅಂದುಕೊಳ್ಳುತ್ತಾರೆ. ಮದ್ದು ಪಾಯಸ ತಿಂದ ಮೇಲೆ ಮೂತ್ರ ಕೆಂಪಗಾದರೆ "ಮದ್ದು ಹತ್ತಿತು" ಅನ್ನುವ ಜನ ನಾವು. ಬಣ್ಣ ಬದಲಾಗುವುದೇ ಬೇರೆ, ಮೈಗೆ ಒಳ್ಳೆಯದಾಗುವುದೇ ಬೇರೆ. ಟ್ಯೂಬಿನಲ್ಲಿ ಕಂಡದ್ದಕ್ಕೆ ಒಂದು ಮಾತು, ಮನುಷ್ಯರಲ್ಲಿ ಕಂಡದ್ದಕ್ಕೆ ಇನ್ನೊಂದು ಬೇಕು.

ನಿಮ್ಮ ಕಡೆ ಸೊಪ್ಪನ್ನು ಕುದಿಸದೆ ನೆನೆಸಿ ತೆಗೆದದ್ದಕ್ಕೆ ಏನನ್ನುತ್ತಾರೆ? ಹಳ್ಳಿ ಮದ್ದು ಕೊಡುವವರ ಮಾತಾದರೆ ಇನ್ನೂ ಒಳ್ಳೆಯದು. 'ನಿಷ್ಕರ್ಷ' ಮಾತ್ರ ಬೇಡ, ಅದನ್ನು ಆಗಲೇ ಬರೆದು ಹೊಡೆದುಹಾಕಿದ್ದೇನೆ.